ಅವರ ಡ್ರೈ ಟ್ರ್ಯಾಕ್

ಜಪಾನಿನ ಇಚಿಕಾವಾದ ನನ್ನ ಅಪಾರ್ಟ್‌ಮೆಂಟಿನ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯವರು ಸೀನಿದರೆ ನನಗೆ ಕೇಳಿಸುತ್ತದೆ. ಅಂಥ ಮನೆಗೆ ನಾನು ಬೆಂಗಳೂರಿನಿಂದ ಗಿಟಾರಿನ ಜೊತೆ ಒಂದು ಆಂಪ್ಲಿಫೈಯರನ್ನೂ ಹೊತ್ತು ತಂದಿದ್ದೆ. ಎರಡು ದಿನ ಬಾರಿಸಿದೆ. ಮೂರನೇ ದಿನ ಅಂಚೆ ಪೆಟ್ಟಿಗೆಯಲ್ಲಿ ಒಂದು ಚೀಟಿ. ಯಾರ ಹೆಸರೂ ಇಲ್ಲ, ಮನೆ ನಂಬರೂ ಇಲ್ಲ. ಕಟ್ಟಡದ ನಿವಾಸಿಗಳೆಲ್ಲರೂ ಶಬ್ದದ ಕಡೆ ದಯವಿಟ್ಟು ಗಮನ ಕೊಡಬೇಕೆಂಬ ವಿನಂತಿ, ಅಷ್ಟೆ. ಎಲ್ಲರ ಪೆಟ್ಟಿಗೆಗೂ ಅದು ಬಿದ್ದಿತ್ತು, ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು.

ಆಗ ನೆರವಿಗೆ ಬಂದವರು ಸರ್. ನನ್ನದೇ ಆಫೀಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರು. ಮೈಸೂರಿನವರು, ಎಡೋಗಾವಾದಲ್ಲಿ ಹೆಂಡತಿ ಮಗಳ ಜೊತೆ ವಾಸ. ನಾನು ಬಂದಿಳಿದ ವಾರ ರಜೆ ಹಾಕಿ, ಸರ್ಕಾರಿ ಕಚೇರಿಯಲ್ಲಿ ನನ್ನ ವಿಳಾಸ ನೋಂದಾಯಿಸಿಕೊಟ್ಟವರೂ ಅವರೇ. ಚೀಟಿಯ ಕಥೆ ಕೇಳಿ ನಕ್ಕು, ಮರುದಿನ ತಮ್ಮ ಹಳೆಯ ಆಂಪ್ ಸಿಮ್ಯುಲೇಟರನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದರು. ಊಟದ ಡಬ್ಬಿಯಷ್ಟು ದೊಡ್ಡದು, ಮೇಲೆ ಕಾಲಲ್ಲಿ ಒತ್ತುವ ನಾಲ್ಕು ಸ್ವಿಚ್ಚು. ಗಿಟಾರಿನ ಕೇಬಲ್ ಅದಕ್ಕೆ, ಅದರ ಕೇಬಲ್ ಕಂಪ್ಯೂಟರಿಗೆ, ಕಿವಿಗೆ ಹೆಡ್‌ಫೋನ್. ಕಿವಿಯೊಳಗೆ ದೊಡ್ಡ ಸ್ಟೇಜಿನ ಆಂಪ್ ಅಬ್ಬರಿಸುತ್ತದೆ. ಹೊರಗಿದ್ದವರಿಗೆ ತಂತಿಯ ಟಿಕ್ ಟಿಕ್ ಬಿಟ್ಟರೆ ಏನೂ ಕೇಳುವುದಿಲ್ಲ.

"ಇಲ್ಲಿ ಗಿಟಾರ್ ಅಂದ್ರೆ ಇಷ್ಟೇ ಕಣಯ್ಯಾ," ಅಂದರು. "ಇನ್ನೊಂದು ಸೆಟ್ಟಿಂಗ್ ತೋರಿಸ್ತೀನಿ ನೋಡು. ಇದನ್ನ ಯಾವತ್ತೂ ಆಫ್ ಮಾಡ್ಬೇಡ."

ಆ ಸೆಟ್ಟಿಂಗ್ ಇದ್ದರೆ ರೆಕಾರ್ಡ್ ಮಾಡುವಾಗ ಎರಡು ಟ್ರ್ಯಾಕ್ ತಾನಾಗಿಯೇ ಉಳಿಯುತ್ತವೆ. ಒಂದು, ಆಂಪು, ಎಕೋ ಎಲ್ಲ ಸೇರಿ ನಮ್ಮ ಕಿವಿಗೆ ಕೇಳಿದ್ದು. ಇನ್ನೊಂದು ಡ್ರೈ ಟ್ರ್ಯಾಕ್, ಅಂದರೆ ಯಂತ್ರವು ಸದ್ದನ್ನು ಮುಟ್ಟುವ ಮೊದಲು ಬೆರಳು ಏನು ಮಾಡಿತೋ ಅದು ಮಾತ್ರ. ನಾಳೆ ಸದ್ದು ಬದಲಿಸಬೇಕೆನಿಸಿದರೆ ಮತ್ತೆ ಬಾರಿಸಬೇಕಾಗಿಲ್ಲ, ಡ್ರೈ ಟ್ರ್ಯಾಕನ್ನೇ ಬೇರೆ ಆಂಪಿನ ಮೂಲಕ ಹಾಯಿಸಿದರಾಯಿತು. ಅದು ಮಿಕ್ಸ್ ಮಾಡುವವನ ಕೈಗೆ ನಂಬಿ ಕೊಡುವ ವಸ್ತು. ನಾಲ್ಕು ಜನರ ಮುಂದೆ ಅದನ್ನು ಯಾರೂ ಕೇಳಿಸುವುದಿಲ್ಲ. ತೊಟ್ಟ ಅಂಗಿಯನ್ನು ತಿರುಗಿಸಿ ಒಳಹೊಲಿಗೆ ತೋರಿಸುವವರುಂಟೇ?

ಎರಡು ವರ್ಷದಲ್ಲಿ ನಮ್ಮದೊಂದು ಕನ್ನಡದವರ ತಂಡವಾಯಿತು, ಒಟ್ಟು ನಾಲ್ಕು ಜನ. ಸ್ಟೇಷನ್ ಪಕ್ಕದಲ್ಲಿ ಬಾಡಿಗೆಯ ಸ್ಟುಡಿಯೋ ಇತ್ತು, ಆದರೆ ನಾಲ್ವರ ಬಿಡುವು ಒಂದೇ ದಿನಕ್ಕೆ ಬೀಳುತ್ತಿರಲಿಲ್ಲ. ಅವರವರ ಮನೆಯಲ್ಲಿ ಬಾರಿಸಿ ನನಗೆ ಫೈಲ್ ಕಳಿಸುತ್ತಿದ್ದರು, ನಾನು ಕೂಡಿಸುತ್ತಿದ್ದೆ. ಒಬ್ಬರು ಬಾರಿಸುವುದನ್ನು ಇನ್ನೊಬ್ಬರು ಎದುರು ಕೂತು ಕೇಳಿದ್ದೇ ಇಲ್ಲ.

ಇಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ ಒಂದು ಹಾಡಿನ ವಿಡಿಯೋ ಮಾಡುವುದೆಂದಾಯಿತು. ಮಧ್ಯದ ಗಿಟಾರ್ ಸೋಲೋ ಸರ್‌ಗೇ ಎಂದು ಉಳಿದಿಬ್ಬರು ನನ್ನನ್ನು ಒಂದು ಮಾತೂ ಕೇಳದೆ ತೀರ್ಮಾನಿಸಿಬಿಟ್ಟರು. ಸರ್ ಟೋನೇ ಬೇರೆ, ಸರ್ ಸೌಂಡಿಗೆ ಸಾಟಿಯಿಲ್ಲ, ಇತ್ಯಾದಿ. ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಸರ್‌ಗೆ ಅದು ಎಷ್ಟು ಬೇಕಿತ್ತೆಂಬುದೂ ನನಗೆ ಗೊತ್ತಿತ್ತು. ಆಫೀಸಿನಿಂದ ಬರುವಾಗ ತೋಝಾಯ್ ಲೈನಿನ ರೈಲಿನಲ್ಲಿ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ದನಿ ತಗ್ಗಿಸಿ, ಅವರೇ ಹೇಳಿದ್ದರು.

"ಮಗಳು ಹುಟ್ಟಿದಾಗಿಂದ ಬರೀ ಟಿಕ್ ಟಿಕ್ ಕೇಳಿದಾಳೆ ಕಣಯ್ಯಾ. ಹೆಡ್‌ಫೋನ್ ಕೊಟ್ರೆ ಅರ್ಧ ನಿಮಿಷಕ್ಕೆ ವಾಪಸ್ ಕೊಡ್ತಾಳೆ. ಅಪ್ಪ ಏನು ಬಾರಿಸ್ತಾನೆ ಅಂತ ಒಂದ್ಸಲ ದೊಡ್ಡ ಸ್ಕ್ರೀನಲ್ಲಿ ನೋಡ್ಲಿ."

ಅವರ ಫೈಲ್ ಬಂತು. ವಾಡಿಕೆಯಂತೆ ಎರಡೂ ಟ್ರ್ಯಾಕ್ ಇದ್ದವು. ನಾನು ಡ್ರೈ ಟ್ರ್ಯಾಕ್ ಹಾಕಿದೆ. ತಗಡಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮೀಟಿದ ಹಾಗಿತ್ತು. ಯಾರದ್ದಾದರೂ ಹಾಗೇ ಇರುತ್ತದೆ, ಅದು ದೊಡ್ಡ ವಿಷಯವಲ್ಲ. ಆದರೆ ಎಳೆದ ತಂತಿ ಸ್ವರ ಮುಟ್ಟುವ ಮೊದಲೇ ಸುಸ್ತಾಗುತ್ತಿತ್ತು. ನಾಲ್ಕು ಕಡೆ ಬೆರಳು ಜಾರಿ, ತಡವರಿಸಿ, ಮತ್ತೆ ಹಿಡಿದಿದ್ದರು. ಆ ಖಾಲಿ ಜಾಗಗಳನ್ನೆಲ್ಲ ಎಕೋ ತುಂಬಿಕೊಟ್ಟಿತ್ತು. ಮೂರು ಸಲ ಕೇಳಿದೆ. ಮೂರನೇ ಸಲ ನನಗೆ ಖುಷಿಯಾಗಿತ್ತು.

ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಹಾಡು ಕೇಳಲು ಮನೆಗೆ ಕರೆದೆ. ಸರ್ ಹೆಂಡತಿ ಮಗಳ ಜೊತೆ ಬಂದರು, ನಾವೆಲ್ಲ ಅಕ್ಕ ಎನ್ನುವ ಅವರ ಹೆಂಡತಿ ಚಿತ್ರಾನ್ನ ಮಾಡಿ ತಂದಿದ್ದರು. ಸ್ಪೀಕರಿನಲ್ಲಿ ಮೆಲ್ಲಗೆ ಹಾಡು ಹಾಕಿದೆ. ಸೋಲೋ ಬಂದಾಗ ಹುಡುಗಿ ತಟ್ಟೆ ಕೆಳಗಿಟ್ಟಳು.

"ಪಪ್ಪಾ, ದಿಸ್ ಈಸ್ ಯೂ?"

ಅವರು ತಲೆಯಾಡಿಸಿದರು. ಆ ಮುಖದಲ್ಲಿದ್ದ ಸಂತೋಷವನ್ನು ನನ್ನಿಂದ ಸಹಿಸಲಾಗಲಿಲ್ಲ.

"ಸರ್, ನಿಮ್ಮ ಡ್ರೈ ಟ್ರ್ಯಾಕಿನ ತಮಾಷೆ ಕೇಳಿ," ಎಂದು ಮಿಕ್ಕ ಟ್ರ್ಯಾಕುಗಳನ್ನೆಲ್ಲ ಮ್ಯೂಟ್ ಮಾಡಿ ಅವರ ಡ್ರೈ ಟ್ರ್ಯಾಕ್ ಒಂದನ್ನೇ ಬಿಟ್ಟೆ. ವಾಲ್ಯೂಮನ್ನೂ ಏರಿಸಿದೆ. ಪಕ್ಕದ ಮನೆಯವರ ಯೋಚನೆ ಅವತ್ತು ಬರಲಿಲ್ಲ.

ಮೊದಲು ಯಾರೋ ಕಿಸಕ್ಕೆಂದರು. ಎರಡನೇ ಸಲ ಬೆರಳು ಜಾರಿದಾಗ ತಂಡದ ಉಳಿದಿಬ್ಬರೂ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾಲ್ಕನೆಯ ತಪ್ಪು ಇನ್ನೂ ಬಾಕಿಯಿತ್ತು, ಅದೇ ಎಲ್ಲಕ್ಕಿಂತ ದೊಡ್ಡದು. "ಈಗ ಕೇಳಿ, ಈಗ," ಎಂದು ಕೈಯೆತ್ತಿ ಸೂಚನೆ ಬೇರೆ ಕೊಟ್ಟೆ.

"ಹೆತಾ!" ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೈಯಲ್ಲಿ ಆಗದವರನ್ನು ಇಲ್ಲಿನ ಶಾಲೆಯ ಮಕ್ಕಳು ಹಾಗೆ ಆಡಿಕೊಳ್ಳುತ್ತಾರೆ. "ಪಪ್ಪಾ, ಯೂ ಆರ್ ಸೋ ಹೆತಾ!"

ಸರ್ ಎದ್ದು ನಿಂತರು. ಜಪಾನಿನವರಂತೆ ಸೊಂಟ ಬಗ್ಗಿಸಿ, "ಸುಮಿಮಾಸೆನ್" ಎಂದು ಎಲ್ಲರ ಕ್ಷಮೆ ಕೇಳಿದರು. ನಗು ಇನ್ನೂ ಜೋರಾಯಿತು. ಅಕ್ಕ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತ ಚಿತ್ರಾನ್ನದ ಪಾತ್ರೆಗೆ ಮುಚ್ಚಳ ಹಾಕಿದರು.

ಹೊರಡುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಸರ್ ಹೇಳಿದರು, "ಸೋಲೋ ನೀನೇ ಬಾರಿಸಿಬಿಡಯ್ಯಾ. ನನ್ನ ಟೋನಿನ ಸೆಟ್ಟಿಂಗ್ ಕಳಿಸ್ತೀನಿ, ಅದನ್ನೇ ಹಾಕ್ಕೋ. ಹಾಡಿಗೆ ಅದೇ ಸರಿಹೋಗೋದು."

"ಅಯ್ಯೋ, ಬೇಡ ಸರ್," ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ.

ಮುಂದಿನ ಶನಿವಾರ ಅವರ ಸೆಟ್ಟಿಂಗ್ ಹಾಕಿ ಬಾರಿಸಿದೆ. ಹೆಡ್‌ಫೋನಿನಲ್ಲಿ ಏನು ಕೇಳಿತು ಅಂತೀರಿ! ನನ್ನ ಕೈ ಇಷ್ಟು ಪಳಗಿದೆಯೇ ಎಂದು ನನಗೇ ಆಶ್ಚರ್ಯ. ಆ ಹುರುಪಿನಲ್ಲಿ ನನ್ನ ಡ್ರೈ ಟ್ರ್ಯಾಕನ್ನೂ ಹಾಕಿ ಕೇಳಿದೆ. ಅದುವರೆಗೆ ಒಂದು ದಿನವೂ ಕೇಳಿರಲಿಲ್ಲ. ಅವರು ನಾಲ್ಕು ಕಡೆ ಜಾರಿದ್ದರು. ನಾನು ಏಳು ಕಡೆ. ಎಂಟನೆಯದು ಬರುವ ಮೊದಲು ನಿಲ್ಲಿಸಿ, ಟ್ರ್ಯಾಕನ್ನು ಅಳಿಸಿಹಾಕಿದೆ. ಅದರ ಬ್ಯಾಕಪ್ಪನ್ನೂ ಹುಡುಕಿ ಅಳಿಸಿದೆ.

ರಾಜ್ಯೋತ್ಸವದ ದಿನ ಎಡೋಗಾವಾದ ಸಭಾಂಗಣದ ಪರದೆಯ ಮೇಲೆ ಸೋಲೋ ಬಂದಾಗ ನನ್ನ ಮುಖವೇ ಇತ್ತು. ಚಪ್ಪಾಳೆ ಬಿತ್ತು. ಊಟದ ಸಾಲಿನಲ್ಲಿ ಸರ್ ಮಗಳ ಜೊತೆ ನನ್ನ ಮುಂದೆಯೇ ನಿಂತಿದ್ದರು. ಹುಡುಗಿ ಹಿಂದೆ ತಿರುಗಿ ನನ್ನ ತೋಳು ಹಿಡಿದಳು.

"ಅಂಕಲ್, ಸುಗೋಯ್!" ಎಂದು ಮೆಚ್ಚಿಕೊಂಡಳು. "ನೆಕ್ಸ್ಟ್ ಟೈಮ್, ಯುವರ್ ಡ್ರೈ ಒನ್ ಪ್ಲೀಸ್. ಲೈಕ್ ಪಪ್ಪಾಸ್. ಇಟ್ ವಾಸ್ ಸೋ ಫನ್ನಿ!"

"ಅದು ಸೇವ್ ಆಗಿಲ್ಲ ಪುಟ್ಟಿ," ಎಂದೆ.

ಸರ್ ನನ್ನ ಮುಖ ನೋಡಿದರು. ಎರಡೂ ಟ್ರ್ಯಾಕ್ ತಾನಾಗಿ ಉಳಿಸುವ ಸೆಟ್ಟಿಂಗನ್ನು ನನ್ನ ಯಂತ್ರದಲ್ಲಿ ಹಾಕಿಕೊಟ್ಟ ಬೆರಳುಗಳು ಅವರವು. ಈಗ ಬಾಯಿ ಬಿಡುತ್ತಾರೆ, ಇಷ್ಟು ಜನರ ಮುಂದೆ, ಬಿಡಲಿ, ಎಂದುಕೊಂಡೆ.

"ಹೌದು ಪುಟ್ಟಿ," ಅಂದರು ಅವರು. "ಕೆಲವು ಸಲ ಸೇವ್ ಆಗಲ್ಲ."

ಹುಡುಗಿ ಸ್ವಲ್ಪ ಯೋಚಿಸಿದಳು. "ಸೋ, ಓನ್ಲಿ ಪಪ್ಪಾಸ್ ಗಾಟ್ ಸೇವ್ಡ್?"

"ಹೂಂ," ಅಂದರು ಸರ್, ಅವಳ ಕೈಗೆ ತಟ್ಟೆ ಕೊಡುತ್ತ. "ನಂದೊಂದೇ."