ಗಿಡ್ಡ ಎಸಳಿನ ದಾಸವಾಳ

ಬೆಳಿಗ್ಗೆ ಏಳರ ಬಸ್ಸಿಗೆ ವಿಟ್ಲದಿಂದ ಹೊರಟೆ. ಮೋಡ ಮುಚ್ಚಿತ್ತು, ಮಳೆ ಇರಲಿಲ್ಲ. ಹೂವಿನ ಫೋಟೋಕ್ಕೆ ಇಂಥ ಮಂಕು ಬೆಳಕೇ ಒಳ್ಳೆಯದೆಂದು ಖುಷಿಪಟ್ಟೆ. ಹೋಗುವ ಕೆಲಸ ಖುಷಿಯದ್ದಲ್ಲವೆಂದು ನೆನಪಾಗಿ ನಾಚಿಕೆಯೂ ಆಯಿತು.

ನಾನು ಡ್ರಾಯಿಂಗ್ ಮಾಸ್ಟ್ರಾಗಿದ್ದ ಶಾಲೆಯ ಜುಬೈದಾ ಟೀಚರ್ ಹಿಂದಿನ ದಿನ ಫೋನ್ ಮಾಡಿದ್ದರು. ಅವರ ತಂಗಿ ಸಫಿಯಾ ಹೋದ ವರ್ಷ ಜ್ವರದಲ್ಲಿ ತೀರಿಹೋಗಿದ್ದಳು. ಶಿರ್ತಾಡಿಯ ಮನೆಯಲ್ಲಿ ಅವಳು ನೆಟ್ಟ ದಾಸವಾಳದ ಬೇರು ಈಗ ಕೊಳೆತಿತ್ತು. ಗೆಲ್ಲು ಕಡಿದು ನೆಟ್ಟರೂ ಚಿಗುರಲಿಲ್ಲ. ಉಳಿದದ್ದು ಒಂದೇ ಮೊಗ್ಗು, ನಾಳೆ ಅರಳುತ್ತದೆ, ತಾಯಿಗೆ ಅದರ ಹತ್ತಿರದ ಫೋಟೋ ಬೇಕು, ತನಗೆ ರಜೆ ಇಲ್ಲ ಎಂದರು. ದಾಸವಾಳ ಸಂಜೆಗೆ ಮುದುಡುತ್ತದೆ. ತಡಮಾಡುವಂತಿರಲಿಲ್ಲ.

ಬಿ.ಸಿ.ರೋಡಿನಲ್ಲಿ ಎರಡು ಬನ್ಸ್ ತಿಂದು ಮುಕ್ಕಾಲು ಗಂಟೆ ಕಾದ ಮೇಲೆ ಮೂಡುಬಿದಿರೆಯ ಬಸ್ ಬಂತು. ಮಡಿಲಲ್ಲಿ ಕ್ಯಾಮೆರಾ ಚೀಲ. ಅದರಲ್ಲಿ ಒಂದು ಕತ್ತರಿ, ಧೂಳು ಒರೆಸುವ ಕುಂಚ, ನೀರು ಚಿಮುಕಿಸುವ ಬಾಟ್ಲಿ ಸದಾ ಇರುತ್ತವೆ. ಒಮ್ಮೆ ಸ್ಪರ್ಧೆಯೊಂದರಲ್ಲಿ ಹೂವಿನ ಹಿಂದಿದ್ದ ಬಾಡಿದ ಎಲೆಯೊಂದರಿಂದಾಗಿ ನನ್ನ ಚಿತ್ರಕ್ಕೆ ಬಹುಮಾನ ತಪ್ಪಿತ್ತು. ಅಂದಿನಿಂದ ಹೂವಿಗೂ ಕ್ಷೌರ ಮಾಡಿಯೇ ಫೋಟೋ ತೆಗೆಯುವವನು ನಾನು.

ಮೂಡುಬಿದಿರೆಯಲ್ಲಿ ಬಸ್ ಬದಲಿಸಿ ಶಿರ್ತಾಡಿ ತಲುಪುವಾಗ ಹತ್ತೂವರೆ ದಾಟಿತ್ತು. ಜುಬೈದಾರ ತಾಯಿ ಬೀಫಾತಿಮಾ ಗೇಟಿನಲ್ಲೇ ನಿಂತಿದ್ದರು. ಹಿತ್ತಿಲಿನ ಗಿಡ ತೋರಿಸಿ, ಚಾ ಮಾಡಿ ತರುತ್ತೇನೆಂದು ಒಳಗೆ ಹೋದರು.

ಗಿಡದಲ್ಲಿ ಎರಡು ಕೆಂಪು ಹೂ ಕಂಡವು. ಇನ್ನೊಂದೂ ಅರಳಿರಬೇಕು, ಅದೃಷ್ಟ ಎಂದುಕೊಂಡೆ. ಒಂದು ಹಸಿರೆಲೆಗಳ ನಡುವೆ ಚಿತ್ರ ಬಿಡಿಸಿದಂತಿತ್ತು. ಅದರ ಪಕ್ಕದ್ದಕ್ಕೆ ಒಂದು ಎಸಳು ಗಿಡ್ಡ, ಅಂಚಿನಲ್ಲಿ ಹುಳ ತಿಂದ ತೂತು ಬೇರೆ. ಅದು ಚೌಕಟ್ಟಿನೊಳಗೆ ಮೂಗು ತೂರಿಸುತ್ತಿತ್ತು. ಕತ್ತರಿ ತೆಗೆದು ತೊಟ್ಟು ಕತ್ತರಿಸಿ ಕೆಳಗಿಟ್ಟೆ. ಚಂದದ ಹೂವನ್ನು ಇಪ್ಪತ್ತು ಸಲವಾದರೂ ಕ್ಲಿಕ್ಕಿಸಿರಬೇಕು.

ಬೀಫಾತಿಮಾ ಚಾ ತಂದವರು ನೆಲ ನೋಡಿದರು. ಲೋಟವನ್ನು ಕಟ್ಟೆಯ ಮೇಲಿಟ್ಟು ಆ ಹೂ ಎತ್ತಿಕೊಂಡರು.

"ನಮ್ಮದು ಇದು, ಮಾಸ್ಟ್ರೇ. ಆ ಚಂದದ್ದು ಆಚೆ ಮನೆಯ ಗಿಡದ್ದು, ಗೆಲ್ಲು ಈಚೆ ಬಗ್ಗಿದ್ದು. ಸಫಿಯಾಳ ಗಿಡದಲ್ಲಿ ಬರುವುದೇ ಹೀಗೆ, ಒಂದು ಎಸಳು ಗಿಡ್ಡ. ಇದು ನನ್ನ ಹಾಗೆ ಉದಾಸೀನದ್ದು, ಪೂರ್ತಿ ಬೆಳೆಯಲಿಕ್ಕೂ ಸೋಮಾರಿತನ ಉಮ್ಮಾ ಅಂತ ಹೇಳಿ ನಗಾಡುತ್ತಿದ್ದಳು."

ಒಂದೇ ಮೊಗ್ಗು ಎಂದು ಹೇಳಿಸಿಕೊಂಡೇ ಬಂದವನು ನಾನು. ದಾರದಲ್ಲಿ ಗಿಡಕ್ಕೆ ಕಟ್ಟಿ ತೆಗೆಯುತ್ತೇನೆ, ಫೋಟೋದಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದೆ.

"ಬೇಡ. ನನಗೆ ಗೊತ್ತಾಗ್ತದಲ್ಲ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಕೊನೆಗೆ ಹೂವನ್ನು ಅಂಗೈಯಲ್ಲೇ ಹಿಡಿದರು. ನಾನು ಮೊಣಕಾಲೂರಿ ಮಸೂರವನ್ನು ಗೇಣು ದೂರಕ್ಕೆ ತಂದೆ. ಹತ್ತಿರದಿಂದ ನೋಡಿದಾಗ ಗಿಡ್ಡ ಎಸಳಿನ ನರಗಳು ಉಳಿದವಕ್ಕಿಂತ ಒತ್ತೊತ್ತಾಗಿದ್ದವು. ಹುಳ ತಿಂದ ತೂತಿನಲ್ಲಿ ಅವರ ಅಂಗೈಯ ಗೆರೆಯೊಂದು ಕಾಣುತ್ತಿತ್ತು. ಇಷ್ಟು ವರ್ಷ ನಾನು ಕತ್ತರಿಸಿ ಎಸೆದದ್ದು ಇಂಥವನ್ನೇ. ಮಸೂರವನ್ನು ಹಿಂದೆ ಮುಂದೆ ಸರಿಸಿ ತೆಗೆದೆ. ಆರು ಚಿತ್ರ ಸಿಕ್ಕಿದವು. ಚಾ ಆರಿತ್ತು, ಹಾಗೇ ಕುಡಿದು ಹೊರಟೆ.

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಚಿತ್ರಗಳನ್ನು ನೋಡಿದೆ. ಇದ್ದುದರಲ್ಲಿ ಒಳ್ಳೆಯದರಲ್ಲೂ ಎಸಳು ತುಸು ಮಸುಕು. ಸ್ಪಷ್ಟವಾಗಿ ಬಂದದ್ದು ತೊಟ್ಟಿನ ತುದಿ, ಕತ್ತರಿ ಆಡಿದ ಓರೆ ಗಾಯ. ಕಂಪ್ಯೂಟರಿನಲ್ಲಿ ಅಳಿಸಲು ಐದು ನಿಮಿಷ ಸಾಕು. ಅಳಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಬಿ.ಸಿ.ರೋಡಿನಲ್ಲಿ ಇಳಿಯುವಾಗ ಜುಬೈದಾ ಟೀಚರ್ ಫೋನ್ ಬಂತು. ಹೂ ಚೆನ್ನಾಗಿ ಬಂತಾ ಮಾಸ್ಟ್ರೇ ಎಂದು ಕೇಳಿದರು. ಬಂದಿದೆ, ಅದನ್ನು ಕತ್ತರಿಸಿದವನು ನಾನು ಎಂದೆ.