ಕೋಡಿಯ ದಂಡೆಯಲ್ಲಿ ನನ್ನ ಸರ್ವಾಧಿಕಾರ

ನಾನು ಜೀವಮಾನದಲ್ಲಿ ಒಂದೇ ಒಂದು ಸಲ ದೇಶ ಆಳಿದ್ದೇನೆ. ಅದೂ ಎರಡು ದಿನ, ಕುಂದಾಪುರದ ಪಕ್ಕದ ಕೋಡಿಯ ಕಡಲದಂಡೆಯಲ್ಲಿ, ಬಾಡಿಗೆಯ ಕರಿಕೋಟಿನೊಳಗೆ ಬೆವರುತ್ತ.

ಸಿನಿಮಾದವರು ಬಂದಿದ್ದರು. ಮುಂದೆಂದೋ ಬರಲಿರುವ ಕೆಟ್ಟ ಕಾಲದ ಕಥೆ. ಸರ್ಕಾರ ಇಡೀ ಕಡಲಿಗೆ ಬೇಲಿ ಹಾಕಿದೆ. ಪರವಾನಗಿ ಇಲ್ಲದೆ ನೀರಿಗೆ ಕಾಲಿಟ್ಟವನಿಗೆ ಗುಂಡು. ಕೊನೆಗೆ ಜನ ದಂಗೆ ಎದ್ದು ಕಾವಲು ಗೋಪುರಕ್ಕೆ ಹಗ್ಗ ಬಿಗಿದು ಎಳೆಯುತ್ತಾರೆ, ಸೈನಿಕರು ಬಡಿದು ಚದುರಿಸುತ್ತಾರೆ. ಗೋಪುರದ ಮೇಲೆ ನಿಂತು ಇದನ್ನೆಲ್ಲ ನೋಡುವ ಪರಮಾಧ್ಯಕ್ಷ ನಾನು. ಮುಂಬೈಯಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತೇ ಹಣ್ಣಾದ ಮುಖ ಇದು. ಯಾರ ಕಷ್ಟ ಕೇಳಿದರೂ ಇದರಲ್ಲಿ ಒಂದು ಗೆರೆ ಅಲುಗುವುದಿಲ್ಲ. ನಿರ್ದೇಶಕರು ಕಂಡ ಕೂಡಲೇ ಈ ಪ್ರತಿಭೆಯನ್ನು ಗುರುತಿಸಿದರು.

ದಂಗೆಕೋರರಾಗಿ ಕೋಡಿಯ ಕೈರಂಪಣಿಯವರನ್ನೇ, ಅಂದರೆ ದಡದಲ್ಲಿ ನಿಂತು ಬಲೆ ಎಳೆಯುವ ಮೀನುಗಾರರನ್ನೇ ಹಿಡಿದರು. ಸೈನಿಕರಿಗೆ ಎತ್ತರದ ಗಂಡಸರು ಬೇಕೆಂದು ಬೀಜಾಡಿಯಿಂದ, ಬ್ರಹ್ಮಾವರದ ಕಡೆಯಿಂದ ವ್ಯಾನಿನಲ್ಲಿ ತುಂಬಿಸಿ ತಂದರು. ಹೆಚ್ಚಿನವರು ಗದ್ದೆ, ತೋಟ ಇದ್ದ ಮನೆಯವರು. ಊರನ್ನು ತಾವು ಯಾವ ಗೆರೆಯ ಮೇಲೆ ಸೀಳಿದೆವೆಂಬುದು ಘಟ್ಟದ ಮೇಲಿನಿಂದ ಬಂದ ನಿರ್ದೇಶಕರಿಗೆ ತಿಳಿಯಲಿಲ್ಲ. ನಮಗೆಲ್ಲ ತಿಳಿಯಿತು. ತಿಳಿದೂ ಅವರು ಕೊಟ್ಟ ಉಪ್ಪಿಟ್ಟು ತಿಂದೆವು.

ನನ್ನ ಸೇನಾಪತಿ ನನ್ನ ಭಾವ, ಹೆಂಡತಿಯ ಅಣ್ಣ. ಹರೆಯದಲ್ಲಿ ಯಕ್ಷಗಾನದ ರಾಕ್ಷಸ ವೇಷ ಕಟ್ಟಿದ್ದವರು. ಅಭಿನಯವೆಂದರೆ ಎದುರಿನವನನ್ನು ನಡುಗಿಸುವುದು ಎಂದೇ ಅವರ ಸಿದ್ಧಾಂತ. ದಂಗೆಯ ಮುಂದಾಳು ಕೈರಂಪಣಿಯ ತಾಂಡೇಲ, ಬಲೆ ತಂಡದ ಯಜಮಾನ. ಹಗ್ಗದ ತುದಿಯಲ್ಲಿ, ನೀರಿಗೆ ಹತ್ತಿರ ನಿಂತು, ಎಲ್ಲರಿಗಿಂತ ಮೊದಲು ಭಾರ ಹೊರುವವನು ಅವನು. ಅವನ ಹೆಂಡತಿ ನಮ್ಮ ಮನೆಗೆ ಮೀನು ತರುವವಳು. ದುಡಿದು ದುಡಿದು ಅವನ ಕೈ ಹಲಗೆಯಾಗಿತ್ತು. ಆ ಕೈ ಇದ್ದಷ್ಟು ದಿನ ದಂಡೆಯಲ್ಲಿ ಅವನ ಮಾತಿಗೆ ಎದುರಿಲ್ಲ.

ನಿರ್ದೇಶಕರು ಸೈನಿಕರಿಗೆ ಹೇಳಿದ್ದು, ಹಗ್ಗ ಬಿಡುವವರೆಗೆ ಹೊಡೆಯಿರಿ ಎಂದು. ದಂಗೆಯವರಿಗೆ ಹೇಳಿದ್ದು, ಮೂರನೆಯ ಏಟಿಗೆ ಹಗ್ಗ ಬಿಟ್ಟು ಬಿದ್ದುಬಿಡಿ ಎಂದು. ತಾಂಡೇಲ ಆಗಲಿ ಎಂದು ತಲೆ ಆಡಿಸಿದ. ಲಾಠಿಗಳಿಗೆ ಸ್ಪಂಜು ಸುತ್ತಿದ್ದರು. ಮೊದಲ ದಿನದ ತಾಲೀಮು ಮದುವೆ ಮನೆಯ ಹಾಗೆ ನಗುನಗುತ್ತಲೇ ಮುಗಿಯಿತು.

ಎರಡನೆಯ ದಿನ ನಿಜವಾದ ಚಿತ್ರೀಕರಣ. ಎರಡು ಸಲ ತೆಗೆದರು, ಸರಿಬರಲಿಲ್ಲ. ಅಷ್ಟರಲ್ಲಿ ಉಪ್ಪುನೀರು ಕುಡಿದ ಸ್ಪಂಜು ಭಾವನ ಲಾಠಿಯಿಂದ ಕಳಚಿ ಮರಳಿಗೆ ಬಿದ್ದಿತ್ತು. ಕರಿಗಾಜಿನ ಶಿರಸ್ತ್ರಾಣದೊಳಗಿದ್ದ ಭಾವನಿಗೆ ಅದು ಕಾಣಲಿಲ್ಲ. ಮೂರನೆಯ ಸಲ ಅವರು ಅಬ್ಬರಿಸಿ ಬಂದು ಬರಿಬೆತ್ತವನ್ನು ತಾಂಡೇಲನ ಬಲಗೈ ಮೇಲೆ ಇಳಿಸಿದರು.

ಸದ್ದು ಗೋಪುರದ ಮೇಲಿದ್ದ ನನಗೂ ಕೇಳಿತು. ಹಸಿ ಸೌದೆ ಮುರಿದ ಹಾಗೆ. ಎರಡನೆಯ ಏಟಿಗೆ ಚರ್ಮ ಬಿರಿಯಿತು. ಮೂರನೆಯದಕ್ಕೆ ಹಗ್ಗ ಕೆಂಪಾಯಿತು. ತಾಂಡೇಲ ಬಿಡಲಿಲ್ಲ. ಅವನು ಬಿಡಲಿಲ್ಲವಲ್ಲ ಎಂದು ಭಾವ ನಾಲ್ಕನೆಯದು ಹೊಡೆದರು, ಐದನೆಯದು ಹೊಡೆದರು. ಅಪ್ಪಣೆ ಇದ್ದದ್ದೇ ಹಾಗೆ. ನಿರ್ದೇಶಕರು ನಿಲ್ಲಿಸಿ ಎನ್ನಲಿಲ್ಲ. ಅವರಿಗೆ ಎಲ್ಲವೂ ಬಹಳ ಚೆನ್ನಾಗಿ ಬರುತ್ತಿತ್ತು.

ಹಗ್ಗದ ಮೇಲಿನ ರಕ್ತ ಹಿಂದಿದ್ದವನ ಕೈಗೆ ಅಂಟಿದ್ದೇ ತಡ, ಸಿನಿಮಾ ಮುಗಿಯಿತು. ಅರ್ಧ ಜನ ಬಲೆ ಎಳೆಯುವ ಹಾಗೆ ಎಳೆದರು. ಉಳಿದರ್ಧ ಜನ ನನ್ನ ಸೈನ್ಯದ ಮೇಲೆ ಬಿದ್ದರು. ಬೀಜಾಡಿಯ ಸೈನಿಕನೊಬ್ಬನ ತಲೆಯನ್ನು ಶಿರಸ್ತ್ರಾಣ ಸಮೇತ ಮರಳಿಗೆ ಕುಟ್ಟುತ್ತಿದ್ದರು. ಇನ್ನೊಬ್ಬನ ಮೂಗಿನಿಂದ ರಕ್ತ ಸುರಿದು ಸಮವಸ್ತ್ರ ನೆನೆದಿತ್ತು. ಮೀನು ಮಾರುವ ಹೆಂಗಸರು ಸೈನ್ಯದ ಗುರಾಣಿಗಳನ್ನೇ ಕಿತ್ತುಕೊಂಡು ಅಂಚಿನಿಂದ ಬಡಿಯುತ್ತಿದ್ದರು. ಮುಖ್ಯವಾಗಿ ಮೊಣಕಾಲಿಗೆ. ಸೈನಿಕರೂ ಸುಮ್ಮನಿರಲಿಲ್ಲ. ಹಳೆಯ ಬೈಗುಳಗಳು, ಯಾರ ಅಜ್ಜ ಯಾರ ಅಂಗಳದ ಹೊರಗೆ ನಿಂತಿದ್ದ ಎಂಬ ಬೈಗುಳಗಳು, ಏಟಿನ ಜೊತೆಗೇ ಬಂದವು. ಪ್ಲೈವುಡ್ಡಿನ ನನ್ನ ಸರ್ಕಾರ ಒಮ್ಮೆ ವಾಲಿ, ಸ್ವಲ್ಪ ಯೋಚಿಸಿ, ಕುಸಿಯಿತು. ಬಿದ್ದ ರಭಸಕ್ಕೆ ಪರಮಾಧ್ಯಕ್ಷರ ಎರಡು ಹಲ್ಲು ಹೋದವು.

ಗೋಪುರ ನೆಲ ಕಂಡ ಮೇಲೆಯೇ ತಾಂಡೇಲ ಹಗ್ಗ ಬಿಟ್ಟದ್ದು.

ಕುಂದಾಪುರದ ಆಸ್ಪತ್ರೆಯ ಬೆಂಚಿನಲ್ಲಿ ನಾವು ಮೂವರೂ ಸಾಲಾಗಿ ಕೂತೆವು: ಪರಮಾಧ್ಯಕ್ಷ, ಸೇನಾಪತಿ, ದಂಗೆಕೋರ. ವೇಷ ಕಳಚಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ತಾಂಡೇಲನ ಹೆಂಡತಿ ಓಡಿ ಬಂದವಳು ಗಂಡನ ಕೈ ನೋಡಿದಳು, ನಮ್ಮ ಬಟ್ಟೆ ನೋಡಿದಳು.

"ಇದ್ ಯಾವ್ ಸರ್ಕಾರ ಒಡೇರೆ? ನಾವ್ ಓಟ್ ಹಾಕಿದ್ದ್ ನೆನಪಿಲ್ಲೆ" ಎಂದಳು.

ನನ್ನ ಬಾಯಿಯಲ್ಲಿ ಹತ್ತಿ ಇತ್ತು. ಇದ್ದದ್ದು ಒಳ್ಳೆಯದಾಯಿತು.

ಭಾವ ತಾಂಡೇಲನ ಕಡೆ ತಿರುಗಿ ಕೇಳಿದರು, "ನೀ ಎಂತಕ್ಕೆ ಬಿಡ್ಲಿಲ್ಲೆ ಮಾರಾಯಾ? ಮೂರಕ್ಕೆ ಬಿಡ್ ಅಂದಿದ್ರಲ್ದಾ?"

"ಹಗ್ಗ ಹಿಡ್ದ್ ಮೇಲೆ ಬಲೆ ದಡಕ್ಕ್ ಬಪ್ಪು ತನಕ ಬಿಡುಕಾಗ. ಕೈಗೆ ಅದೊಂದೇ ಗೊತ್ತಿಪ್ಪುದ್" ಎಂದ ತಾಂಡೇಲ. ಮತ್ತೆ, ಮೆಲ್ಲಗೆ, "ನೀವ್ ಎಂತಕ್ಕೆ ನಿಲ್ಸ್ಲಿಲ್ಲೆ?"

ಭಾವ ಬಗ್ಗಿ ಕನ್ನಡಿಯಂಥ ಬೂಟಿನ ಲೇಸು ಬಿಚ್ಚತೊಡಗಿದರು.

ಬೆರಳುಗಳ ಮೂಳೆ ಪುಡಿಯಾಗಿತ್ತು. ತಂತಿ ಹಾಕಿ ಕೂಡಿಸಿದರು. ಮುಷ್ಟಿ ಕಟ್ಟಲು ಬರುತ್ತದೋ ಇಲ್ಲವೋ ಮಳೆಗಾಲ ಕಳೆದ ಮೇಲೆ ನೋಡಬೇಕು ಎಂದರು ಡಾಕ್ಟರು. ಪೊಲೀಸರು ಬಂದು, ಹೊಡೆದವರು ಯಾರು ಎಂದು ಕೇಳಿದಾಗ ಎರಡೂ ಕಡೆಯವರು ಒಗ್ಗಟ್ಟಿನಿಂದ ಗೋಪುರದ ಮೇಲೆ ಹೊರಿಸಿದರು.

ಮಳೆ ಮುಗಿಯುವಷ್ಟರಲ್ಲಿ ಸಿನಿಮಾ ಬಂತು. ತಾಂಡೇಲನೂ ನಾವಿಬ್ಬರೂ ಒಟ್ಟಿಗೇ ನೋಡಿದೆವು. ಐದೂ ಏಟು ಇದ್ದವು. ಹಗ್ಗ ಹಿಡಿದ ಕೈ ಅವನದು. ಮೇಲಿನ ಮುಖ ಮಾತ್ರ, ಬೇರೆಲ್ಲೋ ತೆಗೆದು ಜೋಡಿಸಿದ್ದು, ನಾಯಕನಟನದು. ಜನ ಒಂದೊಂದು ಏಟಿಗೂ ಶಿಳ್ಳೆ ಹೊಡೆದರು. ಐದನೆಯದಕ್ಕೆ ಎದ್ದು ನಿಂತರು. ನಾಯಕನ ಸಹನಶಕ್ತಿಯನ್ನು ನಮ್ಮ ಹಿಂದಿನ ಸಾಲಿನವನು ಬಹಳ ಮೆಚ್ಚಿಕೊಂಡ. ತಾಂಡೇಲ ಪರದೆ ನೋಡುತ್ತ ತೊಡೆಯ ಮೇಲೆ ಬೆರಳು ಮಡಚಲು ನೋಡುತ್ತಿದ್ದ. ಅವು ಅರ್ಧಕ್ಕೇ ನಿಲ್ಲುತ್ತಿದ್ದವು.

ಕೆಲವು ದಿನದ ಮೇಲೆ ಕೋಡಿಯಲ್ಲಿ ಬಲೆ ಬಿಟ್ಟರು. ಭಾವ ಹೋಗೋಣ ಎಂದರು, ಹೋದೆವು. ತಾಂಡೇಲ ಎಂದಿನ ಜಾಗದಲ್ಲಿ, ನೀರಿಗೆ ಹತ್ತಿರ ನಿಂತು ಹಗ್ಗ ಹಿಡಿದ. ಕೂಗು ಹಾಕಿದ. ಭಾರ ಬಂದದ್ದೇ ಹಗ್ಗ ಅವನ ಬಲಗೈಯೊಳಗಿಂದ ಜಾರಿತು. ಇನ್ನೊಮ್ಮೆ ಹಿಡಿದ, ಇನ್ನೊಮ್ಮೆ ಜಾರಿತು. ಸಾಲಿನಲ್ಲಿದ್ದವರು ಎಲ್ಲರೂ ಕಡಲನ್ನೇ ನೋಡಿದರು.

ಅವನು ಹಿಂದಿದ್ದವನ ಕಡೆ ತಿರುಗಿ, "ಬಾ, ನನ್ ಜಾಗ್ದಗೆ ನಿಲ್ಲ್. ಕಾಲ್ ಗಟ್ಟಿ ಊರ್" ಎಂದ. ಆಮೇಲೆ ಇಡೀ ಸಾಲಿನ ಪಕ್ಕದಿಂದ ನಡೆದು ಬಂದು, ಕಟ್ಟಕಡೆಗೆ, ಮುದುಕರು ಕೂರುವಲ್ಲಿ ಕೂತು, ಎಳೆದು ಬಂದ ಹಗ್ಗವನ್ನು ಎಡಗೈಯಿಂದ ಸುರುಳಿ ಸುತ್ತತೊಡಗಿದ.