ಕೂತಲ್ಲೇ ನಡೆದ ಮುಫ್ಲೆಹ್ ದೊಡ್ಡಪ್ಪ

ನಮ್ಮ ಕರಕ್ ಊರಿನಲ್ಲಿ ನಡೆಯುವುದೆಂದರೆ ಒಂದೋ ಗುಡ್ಡ ಹತ್ತಬೇಕು, ಇಲ್ಲವೇ ಇಳಿಯಬೇಕು. ದೊಡ್ಡಪ್ಪ ಮುಫ್ಲೆಹ್ ಎರಡರ ಗೊಡವೆಯೂ ಬೇಡವೆಂದು, ಪುರಸಭೆಯ ಗುಮಾಸ್ತಿಕೆ ಮುಗಿದ ಮೇಲೆ ಪಡಸಾಲೆಯ ದಿಂಬಿಗೊರಗಿ ಕೂತುಬಿಟ್ಟಿದ್ದ. ಸಕ್ಕರೆ ಕಾಯಿಲೆ ಏರಿತು. ಮೂರು ತಿಂಗಳು ನಡೆದು ಇಳಿಸಿಕೊಳ್ಳಿ, ಇಲ್ಲದಿದ್ದರೆ ದಿನಾ ಇನ್ಸುಲಿನ್ ಸೂಜಿ ಎಂದರು ಡಾಕ್ಟರಮ್ಮ. ಸೂಜಿಯೆಂದರೆ ದೊಡ್ಡಪ್ಪನಿಗೆ ಜೀವ ಬಾಯಿಗೆ ಬರುತ್ತದೆ.

ಅವನಿಗಾಗಿಯೇ ನಾವು ಮನೆತನದವರೆಲ್ಲ ಹೆಜ್ಜೆ ಪಂದ್ಯ ಹೂಡಿದೆವು. ಗಂಡಸರ ಕೈಗೆಲ್ಲ ಹೆಜ್ಜೆ ಎಣಿಸುವ ಪಟ್ಟಿ. ಸಂಜೆ ಮೊಬೈಲಿನಲ್ಲಿ ಎಲ್ಲರ ಲೆಕ್ಕ. ಮೊದಲ ವಾರ ದೊಡ್ಡಪ್ಪ ಕಟ್ಟಕಡೆಗೆ, ಅವನ ಚಿಕ್ಕಪ್ಪನ ಮಗ ಸಲಾಮೆ ಮೊದಲಿಗೆ. ಇಬ್ಬರಿಗೂ ಒಂದೇ ಕಾಯಿಲೆ, ಐವತ್ತು ವರ್ಷದ ಜಿದ್ದೂ ಒಂದೇ.

"ಅಣ್ಣಾ, ನಿನ್ನ ಪಟ್ಟಿಗೆ ನಿದ್ದೆ ಹತ್ತಿದೆ, ಸ್ವಲ್ಪ ಎಬ್ಬಿಸು," ಎಂದ ಸಲಾಮೆ.

ಮರುದಿನ ಕಾಫಿಬೀಜ ಕುಟ್ಟುವಾಗ ದೊಡ್ಡಪ್ಪನಿಗೆ ಗುಟ್ಟು ಸಿಕ್ಕಿತು: ಒನಕೆಯ ಪ್ರತಿ ಪೆಟ್ಟನ್ನೂ ಪಟ್ಟಿ ಹೆಜ್ಜೆಯೆಂದೇ ಎಣಿಸುತ್ತಿತ್ತು. ಕುಟ್ಟಿದ, ಕುಟ್ಟಿದ, ಎರಡೇ ವಾರದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಆದರೆ ನಮ್ಮಲ್ಲಿ ಕಾಫಿ ಒರಳಿನ ಸದ್ದೆಂದರೆ 'ಬನ್ನಿ' ಎಂಬ ಕರೆ. ಕೇಳಿದವರು ಬರಬೇಕು, ಬಂದವರಿಗೆ ಕೊಡಬೇಕು. ಕೆಳಗಿನ ಬೀದಿಯ ಸಲಾಮೆ ದಿನಕ್ಕೆ ನಾಲ್ಕು ಸಲ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು ಕಹಿ ಕಾಫಿ ಕುಡಿದ. ಅತಿಥಿಗಳಿಗೆ ಸಂಕೋಚವಾಗಬಾರದೆಂದು ದೊಡ್ಡಪ್ಪ ಅವರೊಂದಿಗೆ ಕೂತು ಖರ್ಜೂರ ತಿಂದ. ದೊಡ್ಡಮ್ಮ ಫಿದ್ದಾ ತಟ್ಟೆ ಹೊತ್ತು ಅಡುಗೆಮನೆಗೂ ಪಡಸಾಲೆಗೂ ಓಡಾಡಿದಳು. ಅವಳ ಕೈಗೊಂದು ಪಟ್ಟಿ ಕಟ್ಟಬೇಕೆಂದು ನಮಗ್ಯಾರಿಗೂ ತೋಚಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ತಿಂಗಳಾದ ಮೇಲೆ ಎಲ್ಲರೂ ಆಸ್ಪತ್ರೆಗೆ ಹೋದೆವು. ಸಲಾಮೆಯ ಸಕ್ಕರೆ ಚೆನ್ನಾಗಿ ಇಳಿದಿತ್ತು, ದೊಡ್ಡಪ್ಪನದು ಇನ್ನಷ್ಟು ಏರಿತ್ತು. ಡಾಕ್ಟರಮ್ಮ ಅವನ ಹೆಜ್ಜೆ ಲೆಕ್ಕ ನೋಡಿ ಬೆರಗಾದರು.

"ದಿನಕ್ಕೆ ಹದಿನೈದು ಸಾವಿರ ನಡೆದೂ ಇಳಿದಿಲ್ಲ ಅಂದ್ರೆ ಇದು ನಡಿಗೆಗೆ ಬಗ್ಗೋ ಕಾಯಿಲೆ ಅಲ್ಲ. ಇವತ್ತೇ ಸೂಜಿ ಶುರು ಮಾಡೋಣ."

ದೊಡ್ಡಮ್ಮ ಗಂಡನ ಪಕ್ಕೆ ತಿವಿದಳು. "ಬಾಯಿ ಬಿಟ್ಟು ಹೇಳ್ರೀ. ಒರಳು ಕುಟ್ಟಿದ್ದು ಅಂತ ಹೇಳಿಬಿಡ್ರೀ," ಎಂದು ಪಿಸುಗುಟ್ಟಿದಳು.

ದೊಡ್ಡಪ್ಪ ಬಾಯಿ ತೆರೆದಿದ್ದ. ಅಷ್ಟರಲ್ಲಿ ಸಲಾಮೆ ಎದ್ದು ಬಂದು, ಹಿರಿಯರಿಗೆ ಗೌರವ ತೋರುವಂತೆ ಅವನ ಹೆಗಲಿಗೆ ಮುತ್ತಿಟ್ಟ. "ನಮ್ಮಣ್ಣ ನಿಜವಾಗ್ಲೂ ನಡೆದಿದ್ದಾನೆ ಡಾಕ್ಟ್ರೇ. ಅವನ ಮುಂದೆ ನಾನು ಸೋತೆ," ಎಂದ.

ಐವತ್ತು ವರ್ಷದಲ್ಲಿ ಸಲಾಮೆಯ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ದೊಡ್ಡಪ್ಪ ಬಾಯಿ ಮುಚ್ಚಿದ. ಕಣ್ಣನ್ನೂ ಮುಚ್ಚಿ, ಸೂಜಿಗೆಂದು ಹೊಟ್ಟೆಯ ಮೇಲಿನ ಅಂಗಿ ಎತ್ತಿದ.